ಚಪ್ಪಡಿ ಕಲ್ಲಿನ ಅಡಿಯ ಮಣ್ಣು

"ಇಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ್ದು ಯಾರು?"

ಸುಪ್ರಜಾಳ ದನಿ ನಡುಗುತ್ತಿತ್ತು. ಕಲಾಸಿಪಾಳ್ಯದ ತರಕಾರಿ ಮಂಡಿಯ ಹಿಂದಿನ ಆ ಕೊಳಕು ಮೂಲೆ ಇವತ್ತು ಬೆಳ್ಳಗೆ ಹೊಳೆಯುತ್ತಿತ್ತು.

"ನಾನೇ ಮೇಡಂ," ಅಂದ ಮಂಡಿಯಲ್ಲಿ ಮೂಟೆ ಇಳಿಸುವ ಮುನಿಕೃಷ್ಣ. ಶಹಬ್ಬಾಸ್ ಅಂತಾಳೆ ಅಂದುಕೊಂಡಿದ್ದನೋ ಏನೋ, ಮುಖದಲ್ಲಿ ಸಣ್ಣ ನಗುವಿತ್ತು.

"ಯಾರ್ರೀ ಹೇಳಿದ್ರು ನಿಮಗೆ?"

ನಗು ಅಲ್ಲೇ ಉಡುಗಿತು.

ಅವಳ ಸಂಕಟ ಅವನಿಗೆ ಹೇಗೆ ಗೊತ್ತಾಗಬೇಕು? ಹೊಸ ಆ್ಯಂಟಿಬಯೋಟಿಕ್ ಹುಡುಕುತ್ತಾ ಬಸವನಗುಡಿಯ ಕಾಲೇಜು ಲ್ಯಾಬಿನಲ್ಲಿ ನಾಲ್ಕು ವರ್ಷ ಕಳೆದಿದ್ದಳು. ರೋಗಾಣುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ ಯಾವ ಮಣ್ಣಿನಲ್ಲಾದರೂ ಸಿಕ್ಕೀತು ಅಂತ ಊರೆಲ್ಲ ಅಲೆದಿದ್ದಳು. ಕೊನೆಗೆ ಸಿಕ್ಕಿದ್ದು, ಮೂರು ವಾರದ ಹಿಂದೆ ಇಲ್ಲಿಂದ ಒಯ್ದ ಒಂದು ಹಿಡಿ ಮಣ್ಣಿನಲ್ಲಿ. ಗಾಜಿನ ತಟ್ಟೆಯಲ್ಲಿ ಆ ಬ್ಯಾಕ್ಟೀರಿಯಾದ ಒಂದೇ ಒಂದು ಚುಕ್ಕೆ; ಅದರ ಸುತ್ತ ಒಂದು ರೋಗಾಣುವೂ ಬೆಳೆದಿರಲಿಲ್ಲ. ಅದನ್ನು ತೆಗೆದು ಜೋಪಾನ ಮಾಡುವಷ್ಟರಲ್ಲಿ ತಟ್ಟೆಗೆಲ್ಲ ಬೂಷ್ಟು ಹಿಡಿದಿತ್ತು.

"ಇನ್ನೊಂದ್ಸಲ ತೋರ್ಸಮ್ಮ. ಇಲ್ಲಾಂದ್ರೆ ಈ ಟಾಪಿಕ್ ಬಿಟ್ಬಿಡೋಣ," ಅಂದಿದ್ದರು ಗೈಡ್ ಆತ್ರೇಯ ಸರ್. ಮತ್ತೆ ಮಣ್ಣು ಒಯ್ಯಲು ಬಂದರೆ, ಪೌಡರ್ ಅದರಲ್ಲಿನ ಜೀವಾಣುಗಳನ್ನೆಲ್ಲ ಕೊಂದಿತ್ತು.

ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಅವನ ಉತ್ತರಕ್ಕೂ ಕಾಯದೆ ಕಣ್ಣೊರೆಸಿಕೊಳ್ಳುತ್ತಾ ಹೊರಟುಬಿಟ್ಟಳು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತಳು.

ಮರುದಿನ ಬೆಳಿಗ್ಗೆ ಕಾಲೇಜಿನ ಗೇಟಿನ ಹತ್ತಿರ ಮುನಿಕೃಷ್ಣ ನಿಂತಿದ್ದ. ಬೆರಳುಗಳೆಲ್ಲ ತರಚಿದ್ದವು. ಕೈಯಲ್ಲಿ ಪೇಪರಿನ ಪೊಟ್ಟಣ.

"ಮೂಲೆ ಗೋಡೆ ಪಕ್ಕ ಒಂದು ಚಪ್ಪಡಿ ಕಲ್ಲಿತ್ತು ಮೇಡಂ. ಎತ್ತಿ ಅಡಿಯಿಂದ ತೆಗ್ದಿದೀನಿ. ಅಲ್ಲಿಗೆ ಪೌಡರ್ ಇಳ್ದಿಲ್ಲ."

ಅವಳು ಅವನ ತರಚಿದ ಬೆರಳುಗಳನ್ನೇ ನೋಡಿದಳು. 'ಅಷ್ಟು ಬೈದೆನಲ್ಲ ಇವರಿಗೆ...'

"ಅಷ್ಟು ವರ್ಷದ ಕಸಾನ ಇದ್ದಕ್ಕಿದ್ದಂಗೆ ಯಾಕೆ ತೊಳೆದ್ರಿ?"

ಅವನು ನೆಲ ನೋಡಿದ.

"ಅವತ್ತು ಆ ಕೊಳೆತ ಕೋಸಿನ ಮಧ್ಯೆ ಕೂತು ಮಣ್ಣು ಕೆದಕ್ತಿದ್ರಿ. ನೋಡೋಕಾಗ್ಲಿಲ್ಲ. ಮತ್ತೆ ಬಂದ್ರೆ ನೀವು ಅಂಥಾ ಕಡೆ ಕೂರಬಾರ್ದು ಅಂತ..."

ನಾಲ್ಕು ವರ್ಷದಲ್ಲಿ ಅವಳು ಎಲ್ಲಿ ಕೂರುತ್ತಾಳೆ ಅಂತ ಯಾರೂ ಯೋಚಿಸಿರಲಿಲ್ಲ. ಪೊಟ್ಟಣವನ್ನು ಎರಡೂ ಕೈಯಲ್ಲಿ ತಗೊಂಡಳು.

ಹನ್ನೆರಡು ದಿನ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ. ಹದಿಮೂರನೆಯ ದಿನ ಮಧ್ಯಾಹ್ನ ಮಂಡಿಗೆ ಬಂದಳು. ಮುನಿಕೃಷ್ಣ ಈರುಳ್ಳಿ ಮೂಟೆ ಇಳಿಸಿ ಎದುರು ನಿಂತ.

"ಸಿಕ್ತು," ಅಂದಳು. "ಅದೇ ಚುಕ್ಕೆ. ಈ ಸಲ ಮೊದ್ಲು ಫ್ರೀಜರ್‌ನಲ್ಲಿಟ್ಟೆ, ಆಮೇಲೆ ಸರ್‌ಗೆ ತೋರಿಸ್ದೆ. ಮುಂದುವರಿಸು ಅಂದ್ರು. ಔಷಧಿ ಆಗೋಕೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ."

"ಒಳ್ಳೇದಾಯ್ತು ಮೇಡಂ." ಹೆಗಲ ಮೇಲಿನ ಧೂಳು ಕೊಡವುತ್ತಾ ಅಂದ, "ಹಂಗಾದ್ರೆ ಇನ್ನು ಮಣ್ಣು ಬೇಕಾಗಲ್ಲ."

"ಬೇಕಾಗಲ್ಲ."

"ಪೊಟ್ಟಣ ಕಟ್ಟೋವಾಗ್ಲೇ ನಂಗೆ ಗೊತ್ತಿತ್ತು. ಸಿಕ್ರೆ ನೀವು ಈ ಕಡೆ ಬರಲ್ಲ ಅಂತ."

"ಗೊತ್ತಿದ್ದೂ ತಂದ್ಕೊಟ್ರಾ?"

"ನೀವು ಅಳ್ತಾ ಹೋದ್ರಲ್ಲ."

ಸುಪ್ರಜಾ ಬ್ಯಾಗನ್ನು ಹೆಗಲಿಂದ ಇಳಿಸಿ ಅವನ ಪಕ್ಕದ ಮೂಟೆಯ ಮೇಲೆ ಕೂತಳು.

"ನನಗೆ ನೀವು ಇಷ್ಟ ಮುನಿಕೃಷ್ಣ. ಅದನ್ನ ಹೇಳೋಕೇ ಬಂದೆ."

ಅವನು ಟವೆಲ್ಲಿನಿಂದ ಕೈ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಊಟ ಆಯ್ತಾ?"

"ಇಲ್ಲ."

"ನಂದೂ ಆಗಿಲ್ಲ. ಬನ್ನಿ."