ಹತ್ತೊಂಬತ್ತು ಕೋಣೆಗಳ ಚಿಪ್ಪು

ಡೆವೋನಿಯನ್ ಕಾಲದ ಆ ಸುರುಳಿಚಿಪ್ಪಿನ ಪಳೆಯುಳಿಕೆ ಕಲ್ಲು ಹೊಸ ಪ್ರಭೇದವೆಂದು ತೋರಿಸಲು ಆರು ವರ್ಷ ದುಡಿದೆ. ಕೊನೆಯ ಸುತ್ತಿನಲ್ಲಿ ಹತ್ತೊಂಬತ್ತು ಕೋಣೆಗಳಿದ್ದರೆ ಹೊಸದು, ಇಪ್ಪತ್ತಾದರೆ ಹಳೆಯದೇ. ಮೊದಲ ದಿನ ಎಣಿಸಿ ಫೋಟೊ ತೆಗೆದಾಗ ಹತ್ತೊಂಬತ್ತಿದ್ದವು. ಲೇಖನ ಕಳಿಸುವ ದಿನ ಮಧ್ಯಾಹ್ನ ಮತ್ತೆ ಎಣಿಸಿದರೆ ಇಪ್ಪತ್ತು. ಕಲ್ಲಿನ ಕೆಳಗಿನ ಹತ್ತಿ ಒದ್ದೆಯಾಗಿ ಉಪ್ಪುಪ್ಪಾಗಿತ್ತು.

"ಮೂವತ್ತೇಳು ಕೋಟಿ ವರ್ಷದ ಹಿಂದೆ ಸತ್ತಿದ್ದು ನಿಮ್ಮನ್ನ ನೋಡಿ ಬೆಳೀತಾ ಮೇಡಂ? ಮೊದ್ಲು ಕನ್ನಡಕ ಬದಲಾಯಿಸಿ," ಎಂದ ವಿಭಾಗದ ಮುಖ್ಯಸ್ಥರು, ನನ್ನ ಹೆಸರಿಗಿಂತ ಮೇಲೆ ತಮ್ಮ ಹೆಸರು ಹಾಕಿ, ಹತ್ತೊಂಬತ್ತೆಂದೇ ಕಳಿಸಿದರು. ನಾನು ಬಾಯಿ ಬಿಡಲಿಲ್ಲ. ಕೆಲಸ ಖಾಯಂ ಆಗಬೇಕಿತ್ತು.

ನಿನ್ನೆ ಆ ಲೇಖನ ಅಚ್ಚಾದ ಪತ್ರಿಕೆ ಮನೆಗೆ ಬಂತು. ಅದರಲ್ಲಿದ್ದದ್ದು ಮೊದಲ ದಿನದ ಅದೇ ಫೋಟೊ. ಮಗಳು ಬೆರಳಿಟ್ಟು ಎಣಿಸಿದಳು.

"ಅಮ್ಮಾ, ಸುಳ್ಳು ಬರ್ದಿದೀಯ. ಇಪ್ಪತ್ಮೂರು ಇದೆ."

ಅವಳ ಬೆರಳ ತುದಿ ಒದ್ದೆಯಾಗಿತ್ತು.