ಜಮಾದಾರ ಸೊಣ್ಣಪ್ಪನಿಗೆ ಇದ್ದ ರಕ್ಷಣೆ

ಒಂದೇ ಒಂದು ಪ್ರಶ್ನೆ ಜಮಾದಾರ ಸೊಣ್ಣಪ್ಪನ ನಿದ್ದೆ ಕೆಡಿಸಿತ್ತು. "ಬಷೀರಾನ ಯಾಕೆ ಬಿಡ್ಲಿಲ್ಲ ಸಾಬ್?" ಪಾತ್ರೆಗೆ ಕಲಾಯಿ ಹಾಕುವ ಓಬೇದುಲ್ಲಾ ದಿನವೂ ಗಡಿ ಗೇಟಿನಾಚೆ ನಿಂತು ಇಷ್ಟನ್ನೇ ಕೇಳುತ್ತಿದ್ದ. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಕೇಳಿ ಹೋಗಿಬಿಡುತ್ತಿದ್ದ.

ಅದು ಪ್ಲೇಗಿನ ವರ್ಷ. ಮದರಾಸು ಸೀಮೆಯಿಂದ ಮೈಸೂರಿನೊಳಗೆ ಪಾಸಿಲ್ಲದೆ ಯಾರನ್ನೂ ಬಿಡಬಾರದೆಂದು ಗೌನಿಪಲ್ಲಿಯಾಚೆ ಗೇಟು ಹಾಕಿ, ಸೊಣ್ಣಪ್ಪನ ಕೈಗೆ ಕೋವಿ ಕೊಟ್ಟಿದ್ದರು. ಓಬೇದುಲ್ಲಾ ಹೆಂಡತಿ ಬಷೀರಾಳನ್ನು ಹೆರಿಗೆಗೆಂದು ಗೌನಿಪಲ್ಲಿಯ ತವರಿಗೆ ಗಾಡಿಯಲ್ಲಿ ಕರೆತಂದ. ಪಾಸಿರಲಿಲ್ಲ. ನೋವು ಶುರುವಾಗಿದೆಯೆಂದು ಕೈಮುಗಿದರೂ ಸೊಣ್ಣಪ್ಪ ಗೇಟಿನ ಗಳ ಎತ್ತಲಿಲ್ಲ. ಆಕೆ ಎದುರಿನ ಹುಣಸೆ ಮರದ ಕೆಳಗೆ, ಹೊಟ್ಟೆಯಲ್ಲಿದ್ದ ಕೂಸಿನೊಂದಿಗೆ ತೀರಿಕೊಂಡಳು.

ತವರಿನವರು ಕೋಲಾರದ ವಕೀಲರೊಬ್ಬರ ಬಳಿ ಹೋದರು. ಡ್ಯೂಟಿಯಲ್ಲಿದ್ದವನ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಕೇಸು ಹಾಕುವಂತಿಲ್ಲ, ಅನುಮತಿ ಸಿಗುವುದೂ ಇಲ್ಲ ಎಂದು ಅವರು ಕೈಚೆಲ್ಲಿದರು. ಈ ಸುದ್ದಿ ಕಿವಿಗೆ ಬಿದ್ದ ದಿನ ಸೊಣ್ಣಪ್ಪ ತನ್ನ ಖಾಕಿ ಅಂಗಿಯನ್ನು ಒಮ್ಮೆ ಸವರಿ ನೋಡಿಕೊಂಡ.

ಆದರೂ ಪ್ರಶ್ನೆ ಬಿಡಲಿಲ್ಲ. ಮುದ್ದೆ ಮುರಿಯುವಾಗ, ಬಾವಿಗೆ ಬಿಂದಿಗೆ ಇಳಿಸುವಾಗ ಕೇಳಿಸುತ್ತಿತ್ತು. ಆಮೇಲಾಮೇಲೆ ಅದು ಹೆಂಗಸಿನ ದನಿಯಲ್ಲಿ ಕೇಳಿಸತೊಡಗಿತು. ಹುಣಸೆ ಮರದ ಕಡೆ ತಲೆಯೆತ್ತಲು ಅವನಿಗೆ ಹೆದರಿಕೆಯಾಗುತ್ತಿತ್ತು. ಕೇಳುವವನು ಹೋದರೆ ಕೇಳಿಸುವುದೂ ನಿಂತೀತು ಎಂದುಕೊಂಡ.

ತಡೆದರೂ ನಿಲ್ಲದೆ ನುಗ್ಗುವವನ ಮೇಲೆ ಕೋವಿ ಹಾರಿಸಬಹುದೆಂದು ಹುಕುಂ ಇತ್ತು. ಗಳ ಎತ್ತಿಟ್ಟರೆ ಓಬೇದುಲ್ಲಾ ತಾನಾಗಿಯೇ ಒಳಗೆ ಕಾಲಿಡುತ್ತಾನೆ. ಕಾವಲಿನ ಮುನಿಶಾಮಿಯೂ ಆಂಜಿನಪ್ಪನೂ ಇದ್ದರೆ ಅವನನ್ನು ಹಿಡಿದು ನಿಲ್ಲಿಸಿಬಿಡುತ್ತಾರೆ, ಅವರು ಇರಕೂಡದು. ಪ್ರತಿ ವಾರ ಗೌನಿಪಲ್ಲಿಯ ಸಂತೆಗೆ ಸೊಣ್ಣಪ್ಪನೇ ಹೋಗಿ ಅಂಗಡಿ ಅಂಗಡಿಯಲ್ಲೂ ಕೈಯಾಡಿಸಿ ಪುಕ್ಕಟೆ ಚೀಲ ತುಂಬಿಸಿಕೊಂಡು ಬರುವುದು ವಾಡಿಕೆ. ಈ ಸಲ ಚೀಲ ಅವರ ಕೈಗೆ ಕೊಟ್ಟ. ಇಬ್ಬರೂ ಹಿಗ್ಗಿ ಹೋದರು. ಸಾಕ್ಷಿಗೆ ಪಕ್ಕದ ತೋಪಿನಲ್ಲಿ ಮಾವಿನಕಾಯಿ ಕೀಳುವವರಿದ್ದರು. ಯಾವುದನ್ನೂ ಬಿಟ್ಟಿರಲಿಲ್ಲ ಸೊಣ್ಣಪ್ಪ.

ಬಿಸಿಲು ಇಳಿಯುವ ಹೊತ್ತಿಗೆ ಓಬೇದುಲ್ಲಾ ಬಂದ. ಎತ್ತಿದ್ದ ಗಳ ನೋಡಿ ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ನೆಟ್ಟಗೆ ಒಳಗೆ ನಡೆದುಬಂದ. ಇವತ್ತು ಅವನು ಏನನ್ನೂ ಕೇಳಲಿಲ್ಲ.

ತೋಪಿನವರಿಗೆ ಕೇಳಿಸುವಂತೆ ಸೊಣ್ಣಪ್ಪ ನಿಲ್ಲೆಂದು ಕೂಗಿದ. ಮತ್ತೆರಡು ಸಲ ಕೂಗಿದ.

"ಅತ್ತೆ ಮನೇಗೆ ಹೋಗ್ತಿದೀನಿ ಸಾಬ್," ಎಂದು ಓಬೇದುಲ್ಲಾ ಹೆಜ್ಜೆ ನಿಲ್ಲಿಸದೆಯೇ ಹೇಳಿದ.

ಕೋವಿ ಹಾರಿತು. ತೋಪಿನವರು ಓಡಿ ಬಂದರು. ಮೂರು ಸಲ ಕೂಗಿದೆ, ನೀವೇ ಕೇಳಿದಿರಲ್ಲ ಎಂದು ಸೊಣ್ಣಪ್ಪ ಅವರಿಗೆ ಹೇಳಿದ. ಹೌದೆಂದು ಅವರು ತಲೆಯಾಡಿಸಿದರು. ಎಷ್ಟೋ ದಿನಗಳ ಮೇಲೆ ಅವನು ಹುಣಸೆ ಮರವನ್ನು ದಿಟ್ಟಿಸಿ ನೋಡಿದ. ಯಾರ ದನಿಯೂ ಕೇಳಿಸಲಿಲ್ಲ.

ಅಷ್ಟರಲ್ಲಿ ಸಂತೆಯಿಂದ ಬಂದ ಮುನಿಶಾಮಿ ರಕ್ತ ಕಂಡು ಚೀಲವನ್ನು ಅಲ್ಲೇ ಕೆಳಗೆ ಹಾಕಿದ. ಗಂಟು ಮೂಟೆ ಹೊತ್ತ ಜನ ಆಚೆ ಕಡೆಯಿಂದ ಪಾಸಿನ ಗೊಡವೆಯಿಲ್ಲದೆ ಗೇಟಿನ ಕಡೆ ಬರುತ್ತಿದ್ದರು. "ಏನ್ ಮಾಡ್ಬಿಟ್ರಿ ಸಾಮಿ," ಎಂದ ಮುನಿಶಾಮಿ. "ಪ್ಲೇಗು ಹೋಯ್ತು, ಇವತ್ತಿಂದ ಗೇಟಿಲ್ಲ, ಜಮಾದಾರಿಕೇನೂ ಇಲ್ಲ ಅಂತ ಹೊತ್ತಾರೇನೇ ಸಂತೇಲಿ ತಮಟೆ ಹೊಡ್ದು ಸಾರಿದ್ರು. ಆಚೆ ಊರೋರ್ಗೂ ಗೊತ್ತು. ನಿಮ್ಗೆ ಬಾಯಲ್ಲೇ ಹೇಳ್ಬೇಕು ಅಂತ ಶೇಕ್ದಾರ್ರು ಅಲ್ಲೇ ಕಾಯ್ತಾ ಕೂತಿದ್ರು, ಒಂದ್ ಸಂತೇನೂ ತಪ್ಪಿಸ್ದೋರಲ್ವಾ ನೀವು."