ಎಂಟು ಕೂರಿಗೆಯ ಚಾಡಿ

ಬೊಲೆರೋ ಎರಡನೇ ಸಲ ಗುದ್ದಿತು!

ಈ ಸಲ ನನ್ನ ಬೈಕು ತಡೆಯಲಿಲ್ಲ. ನಾನು, ಬೈಕು, ಹಿಂದೆ ಕಟ್ಟಿದ್ದ ಗೋಣಿಚೀಲ... ಮೂರೂ ಸೇರಿ ಹಾನಗಲ್ ರಸ್ತೆಯ ಪಕ್ಕದ ಕಬ್ಬಿನ ಹೊಲಕ್ಕೆ ಬಿದ್ದೆವು. ಮೊಣಕೈ ಸುಲಿದು ಹೋಯಿತು. ಬಾಯಿ ತುಂಬ ಮಣ್ಣು.

ಮೊದಲು ತಡಕಿದ್ದು ಚೀಲವನ್ನು. ಇತ್ತು!

ಅದರಲ್ಲಿ ಏನಿದೆ ಎಂದು ನಾನು ನಂಬಿದ್ದೆನೋ ಅದನ್ನು ಹೇಳಿಬಿಡುತ್ತೇನೆ ಕೇಳಿ.

ಡ್ರೋನ್.

ಹತ್ತಿಗೆ, ಗೋವಿನಜೋಳಕ್ಕೆ ಔಷಧ ಹೊಡೆಯುವ ಡ್ರೋನ್. ಸವಣೂರಿನ ಇರಮ ಎಂಬ ಹುಡುಗಿ, ಅಪ್ಪ ಶೇಖಸಾಬನ ವೆಲ್ಡಿಂಗ್ ಅಂಗಡಿಯ ಹಿಂದೆ ಕೂತು ಮಾಡಿದ್ದು. ರೆಕ್ಕೆ ಮಡಚಿದರೆ ಗೋಣಿಚೀಲದಲ್ಲಿ ಹಿಡಿಯುತ್ತಿತ್ತು. ಹೊರದೇಶದ ಮಾಲಿನ ಅರ್ಧ ಬೆಲೆ!

ನಾನು ಮಾಲತೇಶ, ಹಿರೇಬೆಂಡಿಗೇರಿಯವನು. ಹಾನಗಲ್ ತಾಲ್ಲೂಕು ಕಚೇರಿಯ ಎದುರು ತಗಡಿನ ಶೆಡ್ಡು, ಒಂದು ಟೇಬಲ್ಲು, ಎರಡು ಕುರ್ಚಿ. ಲೈಸೆನ್ಸು, ಪರ್ಮಿಷನ್ನು... ಏನು ಬೇಕೋ ಕೊಡಿಸುತ್ತೇನೆ. ಕೈಕಾಲು ಗಟ್ಟಿ ಇವೆ. ಈ ಧಂದೆಗೆ ಅವೂ ಬೇಕು.

ಇರಮಳ ಫೈಲು ನನ್ನ ಕೈಗೆ ಬಂದು ಎರಡು ವರ್ಷ. ನಿಯಮವೇ ಬೇಡ ಎನ್ನುವವನಲ್ಲ ನಾನು. ಹತ್ತು ಲೀಟರ್ ವಿಷ ಹೊತ್ತು ಜನರ ತಲೆಯ ಮೇಲೆ ಹಾರುವ ಯಂತ್ರಕ್ಕೆ ಲಗಾಮು ಬೇಕೇ ಬೇಕು. ಆದರೆ ಎರಡು ವರ್ಷದಲ್ಲಿ ಮೂರು ಸಲ ನಿಯಮ ಬದಲಾಯಿತು! ಬ್ಯಾಟರಿ ಬದಲಿಸಿ ಅಂದರು, ಬದಲಿಸಿದೆವು. ಹೊರದೇಶದ ಸರ್ಕ್ಯೂಟ್ ಬೋರ್ಡು ಬೇಡ ಅಂದರು, ಹುಡುಗಿ ತಾನೇ ಬೋರ್ಡು ತಯಾರಿಸಿದಳು. ಹೊಸ ಬೋರ್ಡಿಗೆ ಹೊಸ ಅರ್ಜಿ ಅಂದರು! ಅಷ್ಟರಲ್ಲಿ ಚೀನಾದವರು ನಾಲ್ಕು ಮಾಡೆಲ್ ಹೊರಗೆ ಬಿಟ್ಟರು. ನಮ್ಮ ಫೈಲು ನಾಲ್ಕು ಟೇಬಲ್ ದಾಟಿತು.

ಕೀನ್ಯಾದ ಚಹಾ ತೋಟದವರು ಇನ್ನೂರು ಯಂತ್ರ ಕೇಳಿದ್ದರು. ಒಂದೇ ಷರತ್ತು. ತಿಂಗಳೊಳಗೆ ನಿಮ್ಮ ದೇಶದ ಸರ್ಟಿಫಿಕೇಟ್ ತೋರಿಸಬೇಕು, ಇಲ್ಲವಾದರೆ ಆರ್ಡರ್ ಚೀನಾಕ್ಕೆ.

ಸರ್ಟಿಫಿಕೇಟಿನ ಪರೀಕ್ಷೆ ಅವತ್ತೇ, ಹಿರೇಕೆರೂರಿನ ಮೈದಾನದಲ್ಲಿ. ಟೀಮು ಮಧ್ಯಾಹ್ನ ಎರಡಕ್ಕೆ ಹೊರಟುಬಿಡುತ್ತದೆ.

ಮೂರು ದಿನದ ಹಿಂದೆ ಯಾರೋ ಚಾಡಿ ಹೇಳಿದ್ದರು. ಪರವಾನಗಿ ಇಲ್ಲದೆ ಹತ್ತಿಮತ್ತೂರಿನ ಕರಿಬಸಪ್ಪನ ಹೊಲದ ಮೇಲೆ ಹಾರಿಸಿದ್ದಾರೆ ಅಂತ. ಸುಳ್ಳಲ್ಲ! ಹಾರಿಸದೆ ಹಾರುತ್ತದೋ ಇಲ್ಲವೋ ಗೊತ್ತಾಗುವುದು ಹೇಗೆ, ನೀವೇ ಹೇಳಿ? ಇರಮಳಿಗೆ ನೋಟಿಸು ಬಂತು. ಯಂತ್ರ ಯಾವ ಗಳಿಗೆಯಲ್ಲಾದರೂ ಜಪ್ತಿಯಾಗಬಹುದಿತ್ತು. ಅದಕ್ಕೇ ಬೈಕು, ಅದಕ್ಕೇ ಗೋಣಿಚೀಲ. ಬೆಳಿಗ್ಗೆ ಚೀಲದ ಬಾಯಿ ಹೊಲಿದು ಕೊಟ್ಟವಳು ಅವಳೇ.

"ದಾರ್ಯಾಗ ಬಿಚ್ಚಬ್ಯಾಡ್ರಿ, ಮಾಲತೇಶಣ್ಣ."

ನನ್ನ ಮುಖ ನೋಡಿರಲಿಲ್ಲ. ಹೆದರಿದ್ದಾಳೆ ಅಂದುಕೊಂಡಿದ್ದೆ.

ಬೊಲೆರೋದಿಂದ ಇಬ್ಬರು ಇಳಿದರು. ಒಬ್ಬ ದಪ್ಪ, ಒಬ್ಬ ಕುಳ್ಳ. ದಪ್ಪನ ಕೈಯಲ್ಲಿ ಕಬ್ಬಿಣದ ರಾಡು.

"ಚೀಲ ಮುಟ್ಟಿದ್ರ ಕೈ ಮುರೀತೇನಿ!" ಎಂದೆ.

ದಪ್ಪ ನಕ್ಕ.

"ಚೀಲ ಯಾರಿಗೆ ಬೇಕಲೇ? ನಮಗ ಬೇಕಾಗಿದ್ದು ನೀ. ಎರಡ ಗಂಟೆತನಕ ಇಲ್ಲೇ ಸುಮ್ನ ಕುಂದ್ರು."

ಚೀಲ ಬೇಡ?!

ಹೊಲಿಗೆ ಕಿತ್ತೆ. ಒಳಗೆ ತುಕ್ಕು ಹಿಡಿದ ನೀರಿನ ಪಂಪು. ಸುತ್ತ ಹಳೇ ಬಟ್ಟೆ.

ಅಷ್ಟೇ.

ಕುಳ್ಳನ ಫೋನು ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದ, ಮೂರ್ಖ!

"ಹುಡುಗಗ ಪೆಟ್ಟಾಗಿಲ್ಲ ಹೌದಿಲ್ಲೋ? ಬರೇ ಕುಂದರ್ಸ್ರಿ, ಸಾಕು. ಒಳ್ಳೆ ಮನಶ್ಯಾ ಅದಾನ ಅಂವ."

ಹದಿನೈದು ವರ್ಷದಿಂದ ಕೇಳಿದ ದನಿ. ಪರಮೇಶಪ್ಪ! ರಿಟೈರಾದ ಸರ್ಕಾರಿ ಅಧಿಕಾರಿ. ನಿಯಮದ ಪುಸ್ತಕ ಓದುವುದನ್ನು ನನಗೆ ಕಲಿಸಿದವರು. ಅವರ ಮನೆಯ ಅನ್ನ ಉಂಡವನು ನಾನು. ಇರಮಳನ್ನು ಅವರಿಗೆ ಪರಿಚಯಿಸಿದವನೂ ನಾನೇ.

ಪಂಪನ್ನು ಚೀಲದ ಸಮೇತ ಬೀಸಿದೆ. ದಪ್ಪನ ಮೊಣಕಾಲು ಲಟಕ್ಕೆಂದಿತು. ಕುಳ್ಳ ಫೋನು ಎಸೆದು ಕಬ್ಬಿನೊಳಗೆ ಓಡಿದ. ಬೈಕಿನ ಹ್ಯಾಂಡಲ್ ಸೊಟ್ಟಗಾಗಿತ್ತು. ಎರಡು ಸಲ ಒದ್ದೆ, ಸ್ಟಾರ್ಟ್ ಆಯಿತು!

ಹಿರೇಕೆರೂರು ಮುಟ್ಟಿದಾಗ ಎರಡಕ್ಕೆ ಹತ್ತು ನಿಮಿಷ.

ಮೈದಾನದ ಗೇಟಿನಲ್ಲಿ ಇರಮ ರಸ್ತೆಯನ್ನೇ ನೋಡುತ್ತ ನಿಂತಿದ್ದಳು. ನನ್ನನ್ನು ಕಂಡು ಮುಖ ಬಿಳುಚಿಕೊಂಡಿತು.

"ನೀವು... ಹೆಂಗ ಬಂದ್ರಿ?"

"ಮಷೀನ್ ಎಲ್ಲೈತಿ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಇರಮ! ಮಷೀನ್ ಎಲ್ಲೈತಿ?"

"ನಿಮಗ್ಯಾಕ ಹೇಳ್ಲಿ? ಚಾಡಿ ಹೇಳಿದವರಿಗೆ?"

ದಪ್ಪನ ರಾಡು ಬಿದ್ದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಅವಳು ಒಂದು ಕಾಗದ ನನ್ನ ಎದೆಗೆ ಒತ್ತಿದಳು. ನೋಟಿಸಿನ ಜೊತೆ ಬಂದ ದೂರಿನ ಪ್ರತಿ. ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಸುಮಾರು ಎಂಟು ಕೂರಿಗೆ ಜಮೀನಿನ ಮೇಲೆ ಡ್ರೋನ್ ಹಾರಿಸಿ..."

"ಓದಿದ್ರಿ? ಕರಿಬಸಪ್ಪನ ಹೊಲ ಇಪ್ಪತ್ನಾಕ ಎಕರೆ. ನಮ್ಮ ಸವಣೂರ ಕಡೆ ಕೂರಿಗಿ ಅಂದ್ರ ನಾಕ ಎಕರೆ. ಆರ ಕೂರಿಗಿ ಆಗಬೇಕು. ಇಲ್ಲಿ ಎಂಟ ಅಂತ ಐತಿ. ಮೂರ ಎಕರೆಕ್ಕ ಒಂದ ಕೂರಿಗಿ ಅಂತ ಯಾರ ಲೆಕ್ಕಾ ಹಿಡೀತಾರ? ಹೇಳ್ರಿ!"

ಕೂರಿಗೆಯಿಂದ ಬಿತ್ತುವ ಹೊಲಕ್ಕೆ ಕೂರಿಗೆಯೇ ಅಳತೆ: ಒಂದು ದಿನಕ್ಕೆ ಬಿತ್ತಿದಷ್ಟು ನೆಲ ಒಂದು ಕೂರಿಗೆ. ಒಂದೊಂದು ಊರಿನ ಕೂರಿಗೆ ಒಂದೊಂದು ಅಗಲ.

"ನಮ್ಮೂರವರು," ಎಂದೆ.

"ಹಿರೇಬೆಂಡಿಗೇರಿಯವರು. ಅವತ್ತ ಹೊಲದಾಗ ಇದ್ದದ್ದು ನಾಕ ಮಂದಿ. ನಾನು, ಅಬ್ಬಾ, ಕರಿಬಸಪ್ಪ, ನೀವು. ಹಿರೇಬೆಂಡಿಗೇರಿಯವರು ನೀವೊಬ್ರ!"

"ಮಷೀನ್ ಯಾರ ಕೈಯಾಗ ಕೊಟ್ಟಿ, ತಂಗಿ?"

"ಪರಮೇಶಪ್ಪ ಕಾಕಾಗ. ಕಾರನ್ಯಾಗ ತರ್ತೇನಿ ಅಂದಾರ. ನಿಮಗ ಖೊಟ್ಟಿ ಚೀಲ ಕೊಡು, ಅದನ್ನ ನೀವು ದಾರ್ಯಾಗ ಜಪ್ತಿ ಮಾಡಸ್ತೀರಿ ಅಂದವರೂ ಅವರ."

"ಪರಮೇಶಪ್ಪ ಯಾವೂರವರು?"

"ಹಾನಗಲ್ಲವರು..."

"ಮನಿ ಹಾನಗಲ್ಲಾಗ. ಹುಟ್ಟಿದ್ದು ನಮ್ಮೂರಾಗ. ನಮ್ಮ ಹಿತ್ತಲದ ಹಿಂದಿನ ಓಣಿ!"

ಅವಳು ಗೇಟು ಹಿಡಿದುಕೊಂಡಳು.

"ಆದ್ರ... ಕಾಕಾ ಅವತ್ತ ಹೊಲಕ್ಕ ಬಂದಿರಲಿಲ್ಲ. ಅವರಿಗೆ ಹೆಂಗ ಗೊತ್ತಾತು?"

ಇದಕ್ಕೆ ಉತ್ತರ ನನ್ನ ಬಳಿ ಇತ್ತು. ಇರಬಾರದಿತ್ತು.

ಅವತ್ತು ಸಂಜೆ ನೇರ ಪರಮೇಶಪ್ಪನವರ ಮನೆಗೆ ಹೋಗಿದ್ದೆ. ಚಹಾ ಕುಡಿಯುತ್ತ ಎದೆಯುಬ್ಬಿಸಿ ಹೇಳಿದ್ದೆ: ಒಂದ ಮುಂಜಾನ್ಯಾಗ ಎಂಟ ಕೂರಿಗಿ ಹೊಡೀತು, ಸರ! ಊರಿನ ಹಿರಿಯರ ಮುಂದೆ ಊರಿನ ಲೆಕ್ಕವೇ ಬಾಯಿಗೆ ಬರುವುದು. ಅವರು ಬೆನ್ನು ತಟ್ಟಿದ್ದರು.

"ನಾನ ಹೇಳಿದೆ," ಎಂದೆ.

ಇರಮ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿದಳು. ಬೈದಿದ್ದರೆ ಒಳ್ಳೆಯದಿತ್ತು.

ಪರಮೇಶಪ್ಪನವರಿಗೆ ಫೋನ್ ಹಚ್ಚಿದೆ. ಎತ್ತಿದರು! ದನಿ ತಣ್ಣಗಿತ್ತು.

"ಸಿಟ್ಟಾಗಬ್ಯಾಡ ತಮ್ಮಾ. ಮಷೀನ್ ದೊಡ್ಡ ಕಂಪನಿಯವರ ಕೈಗೆ ಮುಟ್ಟೇತಿ. ಅವರ ಹತ್ರ ವಕೀಲರು ಅದಾರ, ಫೈಲ್ ನಡಸಾವರು ಅದಾರ. ಮೂರ ವಾರದಾಗ ಸರ್ಟಿಫಿಕೇಟ್ ತಗೋತಾರ. ಕೀನ್ಯಾಕ್ಕ ಇಲ್ಲಿಂದನ ಹೋಗ್ತದ, ಚೀನಾದಿಂದ ಅಲ್ಲ. ಹೆಸರು ಯಾರದಿದ್ರೇನು?"

"ಹುಡುಗಿ ನಿಮ್ಮನ್ನ ಕಾಕಾ ಅಂತ ಕರೀತಿತ್ತಲ್ರಿ, ಸರ!"

"ನಿಯಮ ಮಾಡಿದಾಂವ ನಾನಲ್ಲ. ಅದರೊಳಗ ಬದುಕೂದನ್ನ ನಿನಗ ಕಲಿಸಿದಾಂವ ನಾ. ಮರೀಬ್ಯಾಡ."

ಲೈನ್ ಕಟ್!

ಟೀಮಿನ ಮುಖ್ಯಸ್ಥೆ ಅಂಕಿತಾ, ಬೆಂಗಳೂರಿನ ಹುಡುಗಿ, ಗಡಿಯಾರ ನೋಡಿಕೊಂಡು ಬಂದಳು. ಒಳ್ಳೆಯವಳು. ಇನ್ನೂ ಅರ್ಧ ಗಂಟೆ ಕಾದಳು.

"ಡ್ರೋನೇ ಇಲ್ಲದೆ ನಾನೇನ್ ಟೆಸ್ಟ್ ಮಾಡ್ಲಿ? ಮುಂದಿನ ಡೇಟ್ ಮೂರು ತಿಂಗಳ ಮೇಲೆ. ಅಷ್ಟರಲ್ಲಿ ರೂಲ್ಸ್ ಮತ್ತೆ ಚೇಂಜ್ ಆಗ್ಬಹುದು, ನೋಡ್ಕೊಳ್ಳಿ."

ಅವರ ವ್ಯಾನು ಹೋಯಿತು.

ನಾವು ಪೊಲೀಸ್ ಠಾಣೆಗೆ ಹೋದೆವು. ಪಿಎಸ್ಐ ಸಾಹೇಬರು ಕುರ್ಚಿ ಕೊಟ್ಟು ಕೂರಿಸಿದರು. ಪೆನ್ನು ತೆಗೆದರು.

"ಏನ ಕಳುವಾತ್ರಿ?"

"ಡ್ರೋನ್, ಸರ."

"ರಜಿಸ್ಟರ್ ನಂಬರ್?"

"ಇನ್ನೂ ಇಲ್ರಿ. ಸರ್ಟಿಫಿಕೇಟ್ ಬಂದಮ್ಯಾಲ ಕೊಡ್ತಾರ."

"ಸರ್ಟಿಫಿಕೇಟ್?"

"ಡ್ರೋನ್ ತೋರಿಸಿದಮ್ಯಾಲ ಕೊಡ್ತಾರ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. ನನ್ನನ್ನಲ್ಲ, ಇರಮಳನ್ನು ನೋಡಿದರು.

"ತಂಗಿ, ನಂಬರ್ ಇಲ್ಲದ ಡ್ರೋನ್ ಇತ್ತು ಅಂತ ನಾ ಬರದ್ರ ಮೊದಲನೇ ಕೇಸ್ ನಿನ್ನ ಮ್ಯಾಲ ಆಗ್ತದ. ಬರೀಲೇನು?"

ಅವಳು ಬೇಡವೆಂದು ತಲೆಯಾಡಿಸಿ ಎದ್ದಳು.

ಬಸ್ ಸ್ಟ್ಯಾಂಡಿನವರೆಗೂ ಹಿಂದೆ ನಡೆದೆ. ಸವಣೂರಿಗೆ ಹೋಗಲು ಹಾವೇರಿ ಬಸ್ಸು ನಿಂತಿತ್ತು. ಹತ್ತುವ ಮೊದಲು ತಿರುಗಿದಳು. ಕಣ್ಣು ಕೆಂಪಗಾಗಿದ್ದವು.

"ನೀವು ಮೋಸ ಮಾಡ್ಲಿಲ್ಲ, ಅಣ್ಣ. ನಾನ ನಿಮಗ ಮಾಡಿದೆ. ಮಷೀನ್ ಹೋಗಿದ್ದಕ್ಕಿಂತ ಅದ ಹೆಚ್ಚ ಉರಿಯಾಕತ್ತೈತಿ."

ಬಸ್ಸು ಹೊರಟಿತು.

ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಮರುದಿನವೇ ಟೇಬಲ್ಲಿಗೆ ಬಂದು ಕೂತೆ. ಹಳೇ ಫೈಲು ಬಿಚ್ಚಿದೆ. ಬಿಲ್ಲು, ಫೋಟೋ, ಕರಿಬಸಪ್ಪನ ಹೇಳಿಕೆ... ಎಲ್ಲ ಸೇರಿಸುತ್ತಿದ್ದೇನೆ. ಆ ಯಂತ್ರಕ್ಕೆ ಹಾರಲು ಅಪ್ಪಣೆ ಕೊಡಿ ಅಂತ ಎರಡು ವರ್ಷ ಕಚೇರಿ ಕಚೇರಿ ಅಲೆದೆ. ಈಗ ಅಂಥದ್ದೊಂದು ಯಂತ್ರ ಇತ್ತು ಅಂತ ಒಪ್ಪಿಕೊಳ್ಳಿ ಎಂದು ಅವೇ ಕಚೇರಿಗಳನ್ನು ಅಲೆಯುತ್ತಿದ್ದೇನೆ.

ಅದಕ್ಕೂ ಒಂದು ಫಾರ್ಮ್ ಇದೆಯಂತೆ... ಜೊತೆಗೆ ಯಂತ್ರವನ್ನು ಲಗತ್ತಿಸಬೇಕಂತೆ!